ಎಪ್ಪತ್ತಕ್ಕೇ ನಿಂತ ಮುಳ್ಳು

70.2. 69.8. 70.4. ಮತ್ತೆ 70. ನವೆಂಬರ್ ಶುರುವಿನಿಂದ ಜನವರಿ ಮಧ್ಯದವರೆಗೆ, ಹನ್ನೊಂದು ವಾರ, ನನ್ನ ತೂಕದ ಕಥೆ ಇಷ್ಟೇ.

ಅದಕ್ಕೂ ಮುಂಚೆ ಎಲ್ಲ ಚೆನ್ನಾಗಿಯೇ ನಡೆದಿತ್ತು. ಮೇ ತಿಂಗಳಲ್ಲಿ 78 ಕೆಜಿ ಇದ್ದೆ. ಬೇಕರಿ ತಿಂಡಿ ಬಿಟ್ಟೆ, ರಾತ್ರಿ ಅನ್ನ ಕಮ್ಮಿ ಮಾಡಿದೆ, ಬೆಳಿಗ್ಗೆ ಮುಕ್ಕಾಲು ಗಂಟೆ ನಡೆದೆ. ಮಳೆಗಾಲದಲ್ಲೂ ಕೊಡೆ ಹಿಡಿದು ನಡೆದೆ. ಚಿಕ್ಕಮಗಳೂರಿನ ಜುಲೈ ಮಳೆ ಗೊತ್ತಿದ್ದವರಿಗೆ ಇದು ಎಂಥ ಹಟ ಅಂತ ಅರ್ಥವಾದೀತು. ಅಕ್ಟೋಬರ್ ಕೊನೆಗೆ 70. ಆಮೇಲೆ ಮುಳ್ಳು ಅಲ್ಲಾಡಲಿಲ್ಲ.

ನನಗೆ 44 ವರ್ಷ. ಕಾಫಿ ತೋಟವೊಂದರ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ತೂಕ ನಿಂತಿದೆ ಅಂದ ತಕ್ಷಣ ಸುತ್ತಲಿನವರೆಲ್ಲ ಹೇಳಿದ್ದು ಒಂದೇ ಮಾತು: ಥೈರಾಯ್ಡ್ ಇರಬೇಕು. ಪರೀಕ್ಷೆ ಮಾಡಿಸಿದೆ. ಸರಿಯಾಗಿಯೇ ಇತ್ತು. ನಿಜ ಹೇಳಬೇಕೆಂದರೆ ಸ್ವಲ್ಪ ಬೇಜಾರೂ ಆಯಿತು. ಮಾತ್ರೆ ನುಂಗಿ ಮುಗಿಸಬಹುದಿತ್ತಲ್ವಾ!

ಮೊದಲು ಮಾಡಿದ್ದೆಲ್ಲ ತಪ್ಪೇ. ರಾತ್ರಿ ಊಟ ಬಿಟ್ಟೆ. ಹನ್ನೊಂದು ಗಂಟೆಗೆ ಕತ್ತಲಲ್ಲಿ ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಚಕ್ಕುಲಿ ತಿಂದೆ. ನಡಿಗೆಯನ್ನು ಒಂದೂಕಾಲು ಗಂಟೆಗೆ ಏರಿಸಿದೆ. ಎಡ ಮಂಡಿ ಹಿಡಿದುಕೊಂಡಿತು. ಬಿಸಿನೀರು, ನಿಂಬೆಹಣ್ಣು, ತೋಟದ ಜೇನು ಕುಡಿದೆ. ಕೊಬ್ಬು ಕರಗಿಸುವ ಶಕ್ತಿಯೇನೂ ಅದಕ್ಕಿಲ್ಲ. ಜೇನೂ ಸಕ್ಕರೆಯೇ.

ದಾರಿ ತೋರಿಸಿದ್ದು ಮೆಣಸಿನ ತಕ್ಕಡಿ. ಮನೆ ಹಿಂದೆ ನಾಲ್ಕು ಮೆಣಸಿನ ಬಳ್ಳಿ ಇವೆ. ಒಣಗಿಸಿದ ಕಾಳನ್ನು ಅತ್ತೆ ಪ್ಯಾಕೆಟ್ ಮಾಡಿ ನೆಂಟರಿಗೆ ಕೊಡುತ್ತಾರೆ. ಅದಕ್ಕೆಂದೇ ಒಂದು ಪುಟ್ಟ ಡಿಜಿಟಲ್ ತಕ್ಕಡಿ ಇದೆ. ಒಂದು ಸಂಜೆ ಸುಮ್ನೆ ಕುತೂಹಲಕ್ಕೆ, ದಿನಾ ನಾಲ್ಕು ಗಂಟೆಗೆ ನಾನು ತಿನ್ನುವ 'ಒಂದು ಹಿಡಿ' ಕಡ್ಲೆಕಾಯಿ ಬೀಜವನ್ನು ಅದರ ಮೇಲೆ ಹಾಕಿದೆ. 48 ಗ್ರಾಂ. ಅಂದರೆ ಸುಮಾರು 260 ಕ್ಯಾಲೊರಿ. ನನ್ನ ತೂಕದವರು ಮುಕ್ಕಾಲು ಗಂಟೆ ನಡೆದರೆ 200 ಕ್ಯಾಲೊರಿ ಖರ್ಚಾಗುವುದೇ ಕಷ್ಟ. ಬೆಳಗಿನ ನಡಿಗೆಯನ್ನು ದಿನಾ ಸಂಜೆ ಕೂತುಕೊಂಡು ತಿಂದು ಮುಗಿಸುತ್ತಿದ್ದೆ. ಅದೂ ಆರೋಗ್ಯಕ್ಕೆ ಒಳ್ಳೆಯದು ಅಂತ!

ಆಮೇಲೆ ಕಾಫಿ. ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದಿದ್ದೆ, ಅದೇ ದೊಡ್ಡ ತ್ಯಾಗ ಅಂದುಕೊಂಡಿದ್ದೆ. ಬೆಲ್ಲಕ್ಕೂ ಸಕ್ಕರೆಗೂ ಕ್ಯಾಲೊರಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಹಾಲೂ ಬೆಲ್ಲವೂ ಸೇರಿ ಒಂದು ಲೋಟಕ್ಕೆ ಸುಮಾರು 70. ದಿನಕ್ಕೆ ನಾಲ್ಕು ಲೋಟ. ಕಾಫಿ ಊರಲ್ಲಿ ಹುಟ್ಟಿ ನಾಲ್ಕನ್ನು ಜಾಸ್ತಿ ಅನ್ನಲು ಬಾಯಿ ಬರುವುದಿಲ್ಲ, ಆದರೆ 280 ಅಂದರೆ 280ಯೇ.

ಎಣ್ಣೆಯನ್ನು ಒಗ್ಗರಣೆ ಒಗ್ಗರಣೆಗೂ ಅಳೆಯಲು ನನಗೆ ತಾಳ್ಮೆ ಇಲ್ಲ. ತೋಟದಲ್ಲಿ ಡೀಸೆಲ್ ಲೆಕ್ಕ ಹಾಕುವ ಹಾಗೆಯೇ ಹಾಕಿದೆ: ತಿಂಗಳಿಗೆ ಎಷ್ಟು ಬಂತು, ಎಷ್ಟು ಜನ ಖರ್ಚು ಮಾಡಿದರು. ನಾವು ಮೂರು ಜನ, ಲೀಟರಿನ ಮೂರು ಪ್ಯಾಕೆಟ್. ತಲೆಗೆ ದಿನಕ್ಕೆ 33 ಮಿಲಿ, ತೂಕದಲ್ಲಿ 30 ಗ್ರಾಂ. ಕೊಬ್ಬು ಗ್ರಾಂಗೆ 9 ಕ್ಯಾಲೊರಿ, ಹಾಗಾಗಿ 270. ತುಪ್ಪ ಬೇರೆ. ಕಾಯಿತುರಿ ಬೇರೆ. 100 ಗ್ರಾಂ ಕಾಯಿತುರಿಯಲ್ಲಿ 350 ಕ್ಯಾಲೊರಿಗೂ ಜಾಸ್ತಿ ಇರುತ್ತದೆ. ಪಲ್ಯಕ್ಕೆ ಅದನ್ನು ಉದುರಿಸುವಾಗ ನಮ್ಮ ಮನೆಯಲ್ಲಿ ಯಾರೂ ಕೈ ಹಿಡಿಯುವುದಿಲ್ಲ.

ಇಷ್ಟೇ ತಿಂದು ಮೇಯಿಂದ ಅಕ್ಟೋಬರ್‌ವರೆಗೆ ಇಳಿದೆನಲ್ಲ, ಈಗೇನಾಯಿತು? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಉತ್ತರ ಸುಲಭವೇ ಇತ್ತು. 78 ಕೆಜಿಯ ದೇಹಕ್ಕೆ ಬೇಕಾದಷ್ಟು 70 ಕೆಜಿಯ ದೇಹಕ್ಕೆ ಬೇಡ. ಸುಮ್ನೆ ಕೂತಿದ್ದರೂ ದಿನಕ್ಕೆ ಸುಮಾರು 80 ಕ್ಯಾಲೊರಿ ಕಮ್ಮಿ ಸಾಕು. ನಡೆಯುವಾಗ, ಮೆಟ್ಟಿಲು ಹತ್ತುವಾಗಲೂ ಹೊರೆ ಕಮ್ಮಿ, ಖರ್ಚೂ ಕಮ್ಮಿ. ಮೇಲಾಗಿ ತೂಕ ಇಳಿದಾಗ ದೇಹ ತಾನಾಗಿ ಇನ್ನಷ್ಟು ಜಿಪುಣ ಆಗುತ್ತದೆ. ನಾನು ಚಿಕ್ಕವಳಾದೆ, ಸೌಟು ಚಿಕ್ಕದಾಗಲಿಲ್ಲ.

ಇನ್ನೊಂದು ವಿಷಯ ಫೋನಿನ ಹೆಜ್ಜೆ ಲೆಕ್ಕದಲ್ಲಿ ಸಿಕ್ಕಿತು. ನವೆಂಬರ್ ಅಂದರೆ ಅರೇಬಿಕಾ ಕೊಯ್ಲು. ಆಳುಗಳ ಹಾಜರಿ, ಕುಯ್ದ ಕಾಫಿಯ ಕೆಜಿ ಲೆಕ್ಕ, ವಾರದ ಬಟವಾಡೆ. ಕುರ್ಚಿ ಬಿಟ್ಟು ಏಳಲು ಆಗುವುದಿಲ್ಲ. ಬೆಳಿಗ್ಗೆ 5,500 ಹೆಜ್ಜೆ, ಮಿಕ್ಕ ಇಡೀ ದಿನಕ್ಕೆ 1,400! ವ್ಯಾಯಾಮ ಮಾಡಿದ್ದೇನೆ ಅನ್ನುವ ನೆಮ್ಮದಿಯಲ್ಲಿ ಹಗಲೆಲ್ಲ ಕಂಬದ ಹಾಗೆ ಕೂತಿದ್ದೆ.

ಹಾಗಾಗಿ ಸಂಕ್ರಾಂತಿ ಕಳೆದ ಮೇಲೆ ಬದಲಾಯಿಸಿದೆ. ಕಡ್ಲೆಬೀಜ 15 ಗ್ರಾಂ, ತೂಗಿಯೇ. ಕಾಫಿ ಎರಡು ಲೋಟ. ಎಣ್ಣೆ ತಿಂಗಳಿಗೆ ಎರಡು ಪ್ಯಾಕೆಟ್. ಇದಿಷ್ಟರಲ್ಲೇ ದಿನಕ್ಕೆ 400 ಕ್ಯಾಲೊರಿ ಉಳಿಯಿತು. ಅಕ್ಕಿರೊಟ್ಟಿ ಬಿಡಲಿಲ್ಲ, ಮೂರರ ಬದಲು ಎರಡು, ಜೊತೆಗೆ ಎರಡು ಮೊಟ್ಟೆ. ಮಧ್ಯಾಹ್ನ ಮೊಳಕೆ ಹುರುಳಿ ಅಥವಾ ಹೆಸರುಕಾಳು ತಟ್ಟೆಯ ಅರ್ಧ. ಪ್ರೋಟೀನ್ ಜಾಸ್ತಿಯಾದ ಮೇಲೆ ಹನ್ನೊಂದು ಗಂಟೆಯ ಚಕ್ಕುಲಿ ಹಸಿವು ತಾನಾಗಿ ಹೋಯಿತು. ಭಾನುವಾರದ ಕಡುಬು, ಕೋಳಿ ಸಾರಿಗೆ ಕೈ ಹಚ್ಚಲಿಲ್ಲ. ತಪ್ಪು ತಿಳಿಯಬೇಡಿ, ತಿಂದೆ. ಕಡುಬು ಆರರಿಂದ ಮೂರಕ್ಕೆ ಇಳಿಯಿತು, ಸಾರಿನ ಲೆಕ್ಕ ಕೇಳಬೇಡಿ.

ಆಫೀಸಿನಲ್ಲಿ ಗಂಟೆಗೊಮ್ಮೆ ಎದ್ದು ಕಣಕ್ಕೆ ಹೋಗಿ ಬರತೊಡಗಿದೆ. ಒಣಗುತ್ತಿರುವ ಚೆರ್ರಿ, ಅಂದರೆ ಕಾಫಿ ಹಣ್ಣು, ನೋಡುವ ನೆಪ. ಕೆದಕುವ ಹಲಗೆ ಖಾಲಿ ಇದ್ದರೆ ಹತ್ತು ನಿಮಿಷ ನಾನೇ ಕೆದಕುತ್ತಿದ್ದೆ. ವಾರಕ್ಕೆ ಮೂರು ದಿನ ನಡಿಗೆಯ ಬದಲು ರತ್ನಗಿರಿ ಬೋರೆ ಹತ್ತಿದೆ, ಬೆನ್ನಿನ ಚೀಲದಲ್ಲಿ 5 ಕೆಜಿ ಅಕ್ಕಿ ಹೊತ್ತು. ಅಷ್ಟು ಕಷ್ಟಪಟ್ಟು ಇಳಿಸಿದ ಭಾರವನ್ನು ಮತ್ತೆ ಬೆನ್ನಿಗೇರಿಸಿಕೊಂಡ ಮೇಲೆಯೇ ಮೊದಲು ಎಷ್ಟು ತೂಕ ಹೊತ್ತು ತಿರುಗುತ್ತಿದ್ದೆ ಅಂತ ಗೊತ್ತಾಗಿದ್ದು. ಮನೆಯಲ್ಲಿ ಕುರ್ಚಿಯಿಂದ ಏಳು-ಕೂರು, ಗೋಡೆಗೆ ಕೈಯೂರಿ ದಂಡ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ಅದನ್ನು ಉಳಿಸಿಕೊಳ್ಳಲು ಈ ಥರದ ಕೆಲಸ ಬೇಕು. ಬರೀ ನಡಿಗೆ ಸಾಲದು.

ಮೊದಲ ವಾರ ತೂಕ 800 ಗ್ರಾಂ ಏರಿತು! ಅಳು ಬಂತು. ಆದರೆ ಅದು ಕೊಬ್ಬಲ್ಲ. ಹೊಸ ವ್ಯಾಯಾಮಕ್ಕೆ ನೊಂದ ಖಂಡಗಳು ನೀರು ಹಿಡಿದುಕೊಳ್ಳುತ್ತವೆ. ಮುಟ್ಟಿನ ಹಿಂದಿನ ದಿನಗಳಲ್ಲೂ ಹಾಗೆಯೇ, ಉಪ್ಪಿನಕಾಯಿ, ಹಪ್ಪಳ ಜಾಸ್ತಿ ತಿಂದ ಮಾರನೇ ದಿನವೂ ಹಾಗೆಯೇ. ಅಂದಿನಿಂದ ದಿನಾ ಬೆಳಿಗ್ಗೆ ಬರೆದುಕೊಂಡು ವಾರದ ಸರಾಸರಿಯನ್ನು ಮಾತ್ರ ನೋಡುತ್ತೇನೆ. ಆ ಸರಾಸರಿಯನ್ನೂ ಹಿಂದಿನ ತಿಂಗಳ ಅದೇ ವಾರದ ಜೊತೆ ಹೋಲಿಸುತ್ತೇನೆ. ಸೊಂಟಕ್ಕೆ ಟೇಪು ಹದಿನೈದು ದಿನಕ್ಕೊಮ್ಮೆ. ಹೆಂಗಸರಿಗೆ 80 ಸೆಂ.ಮೀ. ಒಳಗಿದ್ದರೆ ಒಳ್ಳೆಯದು. ನನ್ನದು 93 ಇದ್ದದ್ದು 88ಕ್ಕೆ ಬಂದಿದೆ.

ಮೂರನೇ ವಾರ ಸರಾಸರಿ 69.5. ಮಾರ್ಚ್ ಕೊನೆಗೆ, ಕಾಫಿ ಹೂ ಅರಳಿಸುವ ಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ವಾರ, 66.8.

ಈಗ ಮತ್ತೆ ಹತ್ತು ದಿನದಿಂದ ಅಲ್ಲೇ ನಿಂತಿದೆ. ಕಾಯಿತುರಿಯ ಮೇಲೆ ಅನುಮಾನವಿದೆ. ತೂಗೋಣ ಅಂತ ಹೋದರೆ ತಕ್ಕಡಿ ಜಾಗದಲ್ಲಿಲ್ಲ. ಮೆಣಸು ಒಣಗಿದೆಯಂತೆ, ಅತ್ತೆ ತೆಗೆದುಕೊಂಡು ಹೋಗಿದ್ದಾರೆ.