ಬಗ್ಗಿಗೆ ಫೈಬರ್ ಮಡ್‌ಗಾರ್ಡ್ ಮಾಡಿಕೊಂಡ ಬಗೆ

ಸಕಲೇಶಪುರದ ಹತ್ತಿರ, ನಮ್ಮ ತೋಟದ ಶೆಡ್‌ನಲ್ಲಿ ಒಂದು ಬಗ್ಗಿ ಕಟ್ಟಿದ್ದೇನೆ. ಪೈಪಿನ ಫ್ರೇಮು ಕಿಟ್‌ನಲ್ಲಿ ಬಂತು, ಎಂಜಿನ್ನು ಹಳೇ ಮಾರುತಿ 800ರದ್ದು. ತೋಟದೊಳಗೆ ಮಾತ್ರ ಓಡಿಸುತ್ತೇನೆ, ರಸ್ತೆಗೆ ಇಳಿಸುವುದಿಲ್ಲ. ಕಿಟ್ ಜೊತೆ ಬಂದ ಮುಂದಿನ ಮಡ್‌ಗಾರ್ಡ್ ತೀರಾ ಕಿರಿದು, ಕೆಸರೆಲ್ಲ ನೇರ ಮುಖಕ್ಕೇ ರಾಚುತ್ತಿತ್ತು. ಅಗಲವಾದ ಒಂದು ಜೋಡಿ ನಾನೇ ಮಾಡಿಕೊಂಡೆ.

ಮೊದಲು ಮೂಲ ಆಕಾರ ಬೇಕು. ಇದಕ್ಕೆ ಪ್ಲಗ್ ಅನ್ನುತ್ತಾರೆ. ಇದರ ಮೇಲೆ ಅಚ್ಚು ತೆಗೆದು, ಆ ಅಚ್ಚಿನೊಳಗೆ ಮಡ್‌ಗಾರ್ಡ್ ಹಾಕುವುದು. ನಾನು ಜಾಣನ ಹಾಗೆ ಥರ್ಮೋಕೋಲ್ ಕೆತ್ತಿ, ಅದರ ಮೇಲೆ ಪಾಲಿಯೆಸ್ಟರ್ ರೆಸಿನ್ (ಗಟ್ಟಿಯಾಗುವ ಅಂಟು ದ್ರವ) ಬಳಿದೆ. ನೀರಿಗೆ ಬಿದ್ದ ಬೆಲ್ಲದ ಹಾಗೆ ಕರಗಿಹೋಯಿತು! ರೆಸಿನ್‌ನಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ತಿಂದುಹಾಕುತ್ತದೆ. ಎರಡನೇ ಸಲ ಪ್ಲೈವುಡ್ ಪಟ್ಟಿಗಳನ್ನು ನಿಲ್ಲಿಸಿ, ನಡುವೆ ಪಿಯು ಫೋಮ್ ತುಂಬಿ, ಮೇಲೆ ಕಾರಿಗೆ ಹಾಕುವ ಪುಟ್ಟಿ ಹಚ್ಚಿದೆ. ಎಡ ಬಲ ಎರಡಕ್ಕೂ ಒಂದೇ ಅಚ್ಚು ಸಾಕಾಗಲಿ ಅಂತ ಎರಡೂ ಬದಿಯ ಆಕಾರ ಒಂದೇ ಸಮ ಇಟ್ಟೆ.

ಇಡ್ಲಿ ತಟ್ಟೆಯ ಗುಳಿ ನೋಡಿ. ಬಾಯಿ ಅಗಲ, ತಳ ಕಿರಿದು, ಅದಕ್ಕೇ ಇಡ್ಲಿ ಏಳುತ್ತದೆ. ಪ್ಲಗ್‌ನ ಅಂಚೂ ಹೀಗೇ ಹೊರಕ್ಕೆ ವಾಲಿರಬೇಕು. ಒಳಕ್ಕೆ ಮಡಚಿದರೆ ಅಚ್ಚು ಒಡೆಯದೆ ಬಿಡಿಸಲಾಗದು.

80ರ ಎಮರಿಯಿಂದ 800ರ ವಾಟರ್ ಪೇಪರ್‌ವರೆಗೆ ಉಜ್ಜಲು ಒಂಬತ್ತು ಸಂಜೆ ಹಿಡಿಯಿತು. ಬೇಜಾರಿನ ಕೆಲಸ, ಆದರೆ ಇಲ್ಲೇ ಎಲ್ಲಾ ಇರುವುದು. ಪ್ಲಗ್‌ನಲ್ಲಿ ಬಿಟ್ಟ ಗೀರು ಅಚ್ಚಿಗೆ ಹೋಗುತ್ತದೆ, ಅಚ್ಚಿನಿಂದ ಪ್ರತಿ ಮಡ್‌ಗಾರ್ಡಿಗೂ ಬರುತ್ತದೆ. ಪೇಂಟ್ ಹೊಡೆದ ಮೇಲೆ ಟ್ಯೂಬ್‌ಲೈಟನ್ನು ಓರೆಯಾಗಿ ಹಿಡಿದೆ. ಬೆಳಕಿನ ಗೆರೆ ಡೊಂಕಾದ ಕಡೆಯೆಲ್ಲ ತಗ್ಗಿತ್ತು. ಮತ್ತೆ ಪುಟ್ಟಿ, ಮತ್ತೆ ಎಮರಿ.

ಆಮೇಲೆ ವ್ಯಾಕ್ಸ್, ಆರು ಸಲ. ಪ್ರತಿ ಸಲ ಒಣಗಿಸಿ ಒರೆಸಬೇಕು. ಅದರ ಮೇಲೆ ಒಂದು ಪದರ ಪಿವಿಎ, ಅಂದರೆ ಅಚ್ಚು ಅಂಟದಂತೆ ತಡೆಯುವ ತೆಳು ಪೊರೆ. ಅದು ಒಣಗಿದ ಮೇಲೆ ಅಚ್ಚಿನ ಕೆಲಸ: ಜೆಲ್‌ಕೋಟ್ (ಹೊರಮೈಗೆ ಬರುವ ಬಣ್ಣದ ದಪ್ಪ ರೆಸಿನ್), ಟಿಶ್ಯೂ (ಗಾಜಿನೆಳೆಯ ತೆಳು ಹಾಳೆ), ಆಮೇಲೆ ರೆಸಿನ್‌ನಲ್ಲಿ ನೆನೆಸಿದ ಮ್ಯಾಟ್ (ಗಾಜಿನೆಳೆಯ ದಪ್ಪ ಹಾಳೆ, ಚದರ ಮೀಟರಿಗೆ 450 ಗ್ರಾಂ ತೂಗುವಂಥದ್ದು) ಆರು ಪದರ. ಅಚ್ಚಿಗೆ ದಿನಕ್ಕೆ ಎರಡೇ ಪದರ ಹಾಕಿ. ಒಟ್ಟಿಗೆ ಹಾಕಿದರೆ ಬಿಸಿಯೇರಿ ಅಚ್ಚು ಸೊಟ್ಟಗಾಗುತ್ತದೆ.

ಅಚ್ಚಿನೊಳಗೆ ಹಾಕುವ ಮಡ್‌ಗಾರ್ಡಿಗೆ ಮೂರು ಪದರ ಸಾಕು, ಹೆಚ್ಚು ಕಡಿಮೆ 3 ಮಿಲಿಮೀಟರ್ ದಪ್ಪ ಬರುತ್ತದೆ. ನನ್ನದು ಸುಮಾರು 0.6 ಚದರ ಮೀಟರ್. ಹಾಗಾಗಿ ಮ್ಯಾಟ್ 800 ಗ್ರಾಂ, ರೆಸಿನ್ 2 ಕೆಜಿ, ಜೆಲ್‌ಕೋಟ್ 350 ಗ್ರಾಂ. ಕಣ್ಣಂದಾಜು ಬೇಡ, ತಕ್ಕಡಿ ಇಟ್ಟುಕೊಳ್ಳಿ. 500 ಗ್ರಾಂ ರೆಸಿನ್‌ಗೆ ಸಿರಿಂಜ್‌ನಲ್ಲಿ 7 ಮಿಲಿ ಹಾರ್ಡನರ್ (ರೆಸಿನ್ ಗಟ್ಟಿಮಾಡುವ ದ್ರವ) ಹಾಕುತ್ತಿದ್ದೆ. ಒಂದು ಸಲಕ್ಕೆ ಅದಕ್ಕಿಂತ ಜಾಸ್ತಿ ಕಲಸಿದರೆ ಮಗ್ಗಿನಲ್ಲೇ ಹೊಗೆ ಏಳುತ್ತದೆ.

ಒಂದು ಮಾತು, ಇದರಲ್ಲಿ ತಮಾಷೆ ಬೇಡ. ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಮಾಡುವ ದ್ರವ) ಬೇರೆ ಬಾಟಲಿಯಲ್ಲಿ ಬಂದಿದ್ದರೆ ಅದನ್ನು ಮೊದಲೇ ರೆಸಿನ್‌ಗೆ ಕಲಸಿಡಿ, ಹಾರ್ಡನರ್ ಕೊನೆಗೆ. ಎರಡನ್ನೂ ನೇರ ಸೇರಿಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋದೀತು. ಕನ್ನಡಕ, ಕಾರ್ಟ್ರಿಜ್ ಇರುವ ಮಾಸ್ಕ್, ಕೈಗೆ ಗ್ಲೌಸ್ ಬೇಕೇಬೇಕು. ಬಟ್ಟೆಯ ಮಾಸ್ಕ್ ಸ್ಟೈರೀನ್ ವಾಸನೆಯನ್ನು ತಡೆಯುವುದಿಲ್ಲ.

ಜೆಲ್‌ಕೋಟ್ ಬೆರಳಿಗೆ ಅಂಟಿದರೂ ಬಣ್ಣ ಬಿಡದಂತಾದಾಗ ಮ್ಯಾಟ್ ಇಡಲು ಹೊತ್ತು ಬಂತು ಅಂತ ಅರ್ಥ. ಬ್ರಷ್‌ನಿಂದ ಎಳೆಯಬೇಡಿ, ಕುಟ್ಟಿ. ನಂತರ ಮೈಮೇಲೆ ಗೀರುಗಳಿರುವ ರೋಲರ್‌ನಿಂದ ಗಾಳಿ ಓಡಿಸಿ. ನಾನು ಜುಲೈನಲ್ಲಿ ಶುರು ಮಾಡಿದ್ದು ದೊಡ್ಡ ತಪ್ಪು. ಮಲೆನಾಡಿನ ಮಳೆಗೆ ಮ್ಯಾಟ್ ತೇವ ಹೀರಿ, ಮಡ್‌ಗಾರ್ಡಿನ ತುಂಬಾ ಬಿಳಿ ಮಚ್ಚೆ. ಅದನ್ನು ಬಿಸಾಕಿ ಜನವರಿವರೆಗೂ ಕಾದೆ.

ಪೂರಾ ಗಟ್ಟಿಯಾಗುವ ಮುಂಚೆ, ಇನ್ನೂ ಚರ್ಮದ ಹಾಗಿರುವಾಗಲೇ ಅಂಚನ್ನು ಬ್ಲೇಡ್‌ನಿಂದ ಕೊಯ್ದುಬಿಡಿ. ಗಟ್ಟಿಯಾದರೆ ಗ್ರೈಂಡರ್, ಧೂಳು, ಎರಡು ದಿನ ತುರಿಕೆ. ರಾತ್ರಿ ಅಚ್ಚಿನಲ್ಲೇ ಬಿಟ್ಟು, ಬೆಳಗ್ಗೆ ಮರದ ಬೆಣೆ ಕೊಟ್ಟು, ಸಂದಿಗೆ ನೀರು ಬಿಟ್ಟೆ. ಟಕ್ ಅಂತ ಬಿಟ್ಟಿತು. ನಾಣ್ಯದಿಂದ ತಟ್ಟಿ ನೋಡಿದೆ, ಒಂದೇ ಕಡೆ ಪೊಳ್ಳು ಸದ್ದು. ಅಲ್ಲಿ ಕೊರೆದು ರೆಸಿನ್ ತುಂಬಿದೆ.

ಬೋಲ್ಟ್ ಬರುವ ಜಾಗದಲ್ಲಿ ಒಳಗಿನಿಂದ ಇನ್ನೆರಡು ಪದರ ಮ್ಯಾಟ್ ಹಾಕಿ, ಅಗಲದ ವಾಷರ್ ಜೊತೆ ರಬ್ಬರ್ ಇಟ್ಟೆ. ರಬ್ಬರ್ ಇಲ್ಲದೆ ಬಿಗಿದ ಎಡಗಡೆಯದು ಮೊದಲ ವಾರವೇ ಬಿರುಕು ಬಿಟ್ಟಿತ್ತು.