ಕೋಮೋ ಸರೋವರದಲ್ಲಿ ಒಂದು ಗಂಟೆಯ ದೋಣಿ

ಮೊದಲ ಸಲ ನಾನು ಫೋಟೋ ನೋಡಿ ಟಿಕೆಟ್ ತೆಗೆದೆ, ನಕ್ಷೆ ನೋಡಲಿಲ್ಲ. ಎಡವಿದ್ದು ಅಲ್ಲೇ.

ಕೆಲಸಕ್ಕೆಂದು ಇಟಲಿಯ ಮಿಲಾನಿಗೆ ಬಂದು ಎರಡು ತಿಂಗಳಾಗಿತ್ತು. ಒಂದು ಭಾನುವಾರ ಕೋಮೋ ಪಟ್ಟಣಕ್ಕೆ ಹೋದೆ. ದಡದ ಕೌಂಟರಿನಲ್ಲಿ ‘ಒಂದು ಗಂಟೆ, ಶೇರಿಂಗ್ ದೋಣಿ’ ಎಂದದ್ದೇ ತಡ, ದುಡ್ಡು ಕೊಟ್ಟು ಹತ್ತಿ ಕೂತೆ. ನನ್ನ ತಲೆಯಲ್ಲಿ ಇದ್ದದ್ದು ಬೆಲ್ಲಾಜಿಯೊದ ಮೆಟ್ಟಿಲುಬೀದಿ, ನೀರಿಗೆ ಚಾಚಿಕೊಂಡ ಬಾಲ್ಬಿಯಾನೆಲ್ಲೊ ಬಂಗಲೆ. ದೋಣಿ ಚೆರ್ನೋಬ್ಬಿಯೊ ದಾಟಿತು. 1873ರಿಂದ ಹೋಟೆಲಾಗಿರುವ ವಿಲ್ಲಾ ದೆಸ್ತೆಯನ್ನು ತೋರಿಸಿತು. ತೊರ್ನೊ ಊರಿನಾಚೆ ವಿಲ್ಲಾ ಪ್ಲಿನಿಯಾನಾ ಮುಂದೆ ನಾಲ್ಕು ನಿಮಿಷ ನಿಂತು ಮೂತಿ ತಿರುಗಿಸಿತು. ಅಲ್ಲೊಂದು ಚಿಲುಮೆಯಿದೆ. ಅದರ ನೀರು ದಿನಕ್ಕೆ ಮೂರು ಸಲ ಏರಿ ಇಳಿಯುತ್ತದೆಂದು ಪ್ರಾಚೀನ ರೋಮಿನ ಲೇಖಕ ಕಿರಿಯ ಪ್ಲಿನಿ ಸುಮಾರು 1900 ವರ್ಷಗಳ ಹಿಂದೆಯೇ ಪತ್ರ ಬರೆದಿದ್ದ. ಚಂದದ ಕಥೆಯೇ. ಆದರೆ ನಾನು ಬಂದದ್ದು ಅದಕ್ಕಲ್ಲವಲ್ಲ. ‘ಬೆಲ್ಲಾಜಿಯೊ ಎಲ್ಲಿ?’ ಅಂತ ಕೇಳಿದೆ. ದೋಣಿಯವನು ಉತ್ತರದ ಬೆಟ್ಟದ ತಿರುವಿನ ಕಡೆ ಗಲ್ಲ ಎತ್ತಿ ತೋರಿಸಿ ನಕ್ಕ. ಎಲ್ಲ ಊರಿಗೂ ನಿಂತು ಹೋಗುವ ಸರ್ಕಾರಿ ದೋಣಿಗೇ ಅಲ್ಲಿಗೆ ಎರಡು ಗಂಟೆ ಹತ್ತಿರ ಬೇಕು. ಒಂದು ಗಂಟೆಯಲ್ಲಿ ಹೋಗಿ ಬರುವ ಮಾತೆಲ್ಲಿ?

ನಕ್ಷೆ ಬಿಡಿಸಿದ್ದು ಅವತ್ತು ರಾತ್ರಿ. ಕೋಮೋ ಸರೋವರ ತಲೆಕೆಳಗು ಹಿಡಿದ ಕವೆಗೋಲಿನ ಹಾಗಿದೆ. ಹಿಡಿ ಉತ್ತರಕ್ಕೆ, ಎರಡು ಕವಲು ದಕ್ಷಿಣಕ್ಕೆ. ಎಡಗವಲಿನ ತುದಿಗೆ ಕೋಮೋ ಪಟ್ಟಣ, ಬಲಗವಲಿನ ತುದಿಗೆ ಲೆಕ್ಕೊ. ಕವಲೊಡೆಯುವ ಸಂದಿನಲ್ಲಿ ಬೆಲ್ಲಾಜಿಯೊ, ಅದರ ಪೂರ್ವದಡಕ್ಕೆ ವರೆನ್ನಾ, ಪಶ್ಚಿಮದಡಕ್ಕೆ ಮೆನಾಜೊ, ತ್ರೆಮೆಟ್ಸೊ. ಪೋಸ್ಟ್‌ಕಾರ್ಡಿನಲ್ಲಿ ಕಾಣುವ ಬಹುಪಾಲು ಈ ಸಂದಿನ ಆಸುಪಾಸಿನಲ್ಲೇ ಇದೆ. ಹಾಗಾಗಿ ಒಂದೇ ಗಂಟೆಯ ದೋಣಿ ಹತ್ತುವವರು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಎಲ್ಲಿಂದ ಹತ್ತುತ್ತೇವೆ ಎಂಬುದನ್ನು. ಎಷ್ಟು ಹೊತ್ತು, ಎಷ್ಟು ದುಡ್ಡು ಎಂಬುದೆಲ್ಲ ಆಮೇಲಿನ ಮಾತು. ಕೋಮೋದಿಂದ ಹತ್ತಿದರೆ ಸಿಗುವುದು ಬೇರೆಯೇ ಸರೋವರ.

ಅವತ್ತಿನ ಲಾಭ ಒಂದೇ. ದಡದಲ್ಲಿರುವ ವೋಲ್ಟಾ ಸ್ಮಾರಕದ ಫೋಟೋ ಅಪ್ಪನಿಗೆ ಕಳಿಸಿದ್ದೆ. ಬ್ಯಾಟರಿ ಕಂಡುಹಿಡಿದ ಅಲೆಸ್ಸಾಂದ್ರೊ ವೋಲ್ಟಾ 1745ರಲ್ಲಿ ಹುಟ್ಟಿದ್ದು ಅದೇ ಊರಿನಲ್ಲಿ. ಜೋಗದ ವಿದ್ಯುದಾಗಾರದಲ್ಲಿ ಮೂವತ್ತೊಂದು ವರ್ಷ ದುಡಿದ ಅಪ್ಪ ಕೂಡಲೇ ಫೋನ್ ಮಾಡಿ, ‘ಹಾಗಾದರೆ ನಾವು ಬರುತ್ತೇವೆ’ ಅಂದರು. ಹಿಂದಿನ ಎರಡು ತಿಂಗಳು ಎಷ್ಟು ಕರೆದರೂ ಬರದವರು!

ಮೇ ಕೊನೆಯ ವಾರ ಅಪ್ಪ ಅಮ್ಮ ಇಬ್ಬರೂ ಸಾಗರದಿಂದ ಬಂದರು. ಈ ಸಲ ಗುರುವಾರಕ್ಕೆ, ಬೆಲ್ಲಾಜಿಯೊದಿಂದ, ಬೆಳಿಗ್ಗೆ ಹನ್ನೊಂದರ ದೋಣಿ ಬುಕ್ ಮಾಡಿದ್ದೆ. ವಾರಾಂತ್ಯ ಬೇಡ ಅಂದುಕೊಂಡದ್ದಕ್ಕೆ ಕಾರಣ ಹೇಳಬೇಕಿಲ್ಲ. ಇಡೀ ಮಿಲಾನೇ ಅಲ್ಲಿರುತ್ತದೆ. ಹನ್ನೊಂದು ಗಂಟೆಯ ಲೆಕ್ಕ ಮಾತ್ರ ಗಾಳಿಯದು. ಈ ಸರೋವರಕ್ಕೆ ದಿನಕ್ಕೆರಡು ಗಾಳಿ. ಬೆಳಗಿನ ಜಾವ ಉತ್ತರದಿಂದ ಇಳಿಯುವುದು ತಿವಾನೊ, ಮಧ್ಯಾಹ್ನದ ಹೊತ್ತಿಗೆ ದಕ್ಷಿಣದಿಂದ ಏಳುವುದು ಬ್ರೇವಾ. ಒಂದು ಮಲಗಿ ಇನ್ನೊಂದು ಏಳುವ ನಡುವೆ ನೀರು ಎಣ್ಣೆ ಹೊಯ್ದ ಹಾಗೆ ಇರುತ್ತದೆ. ಚಿಕ್ಕ ದೋಣಿಗೆ ಅದೇ ಹದ. ಇನ್ನೊಂದು, ನೋಡಬೇಕಾದ ಬಂಗಲೆಗಳೆಲ್ಲ ಪಶ್ಚಿಮದಡದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿವೆ. ಬೆಳಗಿನ ಬಿಸಿಲು ನೇರ ಅವುಗಳ ಮುಖಕ್ಕೆ ಬೀಳುತ್ತದೆ. ಮಧ್ಯಾಹ್ನ ದಾಟಿದರೆ ಸೂರ್ಯ ಬೆಟ್ಟದ ಹಿಂಬದಿಗೆ ಸರಿದು ಫೋಟೋದಲ್ಲಿ ಮನೆ ಕಪ್ಪಗೆ ಬರುತ್ತದೆ.

ತಲೆಗೆ 45 ಯೂರೋ ಆಯಿತು. ಅಮ್ಮನಿಗೆ ರೂಪಾಯಿ ಲೆಕ್ಕ ಹೇಳಲಿಲ್ಲ. ನಾವು ಮೂವರೇ ಹೋಗುವ ದೋಣಿ ಕೇಳಿದ್ದರೆ ಗಂಟೆಗೆ 200 ಅಂದಿದ್ದರು. ಐದಾರು ಜನರಿದ್ದರೆ ಅದೇ ವಾಸಿ. ಸರ್ಕಾರಿ ದೋಣಿಗಳ ದಿನದ ಪಾಸ್ ಇವೆಲ್ಲಕ್ಕಿಂತ ಅಗ್ಗ. ಮಂಡಿ ಗಟ್ಟಿ ಇದ್ದವರು, ಸಾಲಿನಲ್ಲಿ ನಿಲ್ಲುವ ತಾಳ್ಮೆ ಇದ್ದವರು ಅದನ್ನೇ ತೆಗೆದುಕೊಳ್ಳಲಿ. ಆದರೆ ಆ ದೊಡ್ಡ ದೋಣಿ ಬಂಗಲೆಯ ಹತ್ತಿರ ಹೋಗಿ ನಿಲ್ಲುವುದಿಲ್ಲ, ನೀರಿನಿಂದ ಎರಡಾಳೆತ್ತರದಲ್ಲಿ ಕೂರಿಸುತ್ತದೆ. ನಾನು ಹೆಚ್ಚಿಗೆ ಕೊಟ್ಟದ್ದು ತಗ್ಗಿನಲ್ಲಿ, ಕೈ ಚಾಚಿದರೆ ನೀರು ಸಿಗುವಷ್ಟು ತಗ್ಗಿನಲ್ಲಿ ಕೂರುವುದಕ್ಕೆ.

ಮಿಲಾನೊ ಚೆಂತ್ರಾಲೆಯಿಂದ ಎಂಟೂ ಇಪ್ಪತ್ತರ ತಿರಾನೊ ರೈಲು. ಒಂದು ಗಂಟೆಯ ಮೇಲೆ ಐದು ನಿಮಿಷಕ್ಕೆ ವರೆನ್ನಾ. ಎಡಗಡೆಯ ಕಿಟಕಿ ಹಿಡಿದು ಕೂರಿ, ಲೆಕ್ಕೊ ದಾಟಿದ ಮೇಲೆ ನೀರು ಆ ಕಡೆಗೇ. ಕಾಗದದ ಟಿಕೆಟ್ ತೆಗೆದಿದ್ದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಅಚ್ಚು ಹೊಡೆಸಲೇಬೇಕು. ಮರೆತರೆ ಟಿಕೆಟ್ ಇದ್ದೂ ದಂಡ.

ವರೆನ್ನಾದಿಂದ ಬೆಲ್ಲಾಜಿಯೊಗೆ ಕಾರು ಹೊರುವ ತ್ರಗೆತ್ತೊ ದೋಣಿ ಸಿಕ್ಕಿತು, ಕಾಲು ಗಂಟೆಯ ದಾರಿ. ಕಬ್ಬಿಣದ ಹಲಗೆ ಗರಗರ ಅಂತ ಇಳಿಯಿತು. ಕಾರು, ಬೈಕು, ಸೈಕಲ್ಲು, ಜನ ಎಲ್ಲ ಒಟ್ಟಿಗೆ ನುಗ್ಗಿದರು. ಅಮ್ಮ ಸುತ್ತ ನೋಡಿ, ‘ಥೇಟು ನಮ್ಮ ಸಿಗಂದೂರು ಲಾಂಚು ಕಣೋ. ಇದಕ್ಕೆ ವಿಮಾನ ಹತ್ತಿ ಬರಬೇಕಿತ್ತಾ?’ ಅಂದಳು. ಶರಾವತಿ ಹಿನ್ನೀರಿನಲ್ಲಿ ವರ್ಷಗಟ್ಟಲೆ ಲಾಂಚು ಕಾದವಳು ಅವಳು. ಸುಲಭಕ್ಕೆ ಬೆರಗಾಗುವವಳಲ್ಲ.

ಬೆಲ್ಲಾಜಿಯೊದಲ್ಲಿ ಮುಕ್ಕಾಲು ಗಂಟೆ ಕೈಯಲ್ಲಿತ್ತು. ಮೊದಲು ಒಂದು ಬಾರಿನಲ್ಲಿ ಕಾಫಿ ಕುಡಿದೆವು. ಕಾಫಿ ನೆಪ. ಆ ಚಿಕ್ಕ ದೋಣಿಗಳಲ್ಲಿ ಶೌಚಾಲಯ ಇರುವುದಿಲ್ಲ, ಕಾಫಿ ಕುಡಿದವರಿಗೆ ಬಾರಿನ ಬಾಗಿಲು ತೆರೆದಿರುತ್ತದೆ. ಹಿರಿಯರನ್ನು ಕರೆದುಕೊಂಡು ಹೋಗುವವರು ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಆಮೇಲೆ ದೋಣಿ ಹತ್ತುವ ಕಟ್ಟೆ ಹುಡುಕಿದೆವು. ಸರ್ಕಾರಿ ದೋಣಿಯ ಕಟ್ಟೆ ಬೇರೆ, ಕಾರು ದೋಣಿಯದು ಬೇರೆ, ಖಾಸಗಿಯವರದು ಇನ್ನೂ ಬೇರೆ. ಟಿಕೆಟಿನಲ್ಲಿ ಬರೆದದ್ದು ‘ಚೌಕದ ಎದುರು’ ಅಂತ ಮಾತ್ರ. ಎರಡು ತಪ್ಪು ಕಟ್ಟೆ ಹತ್ತಿಳಿದು ಮೂರನೆಯದಕ್ಕೆ ಬರುವಾಗ ಹನ್ನೊಂದಕ್ಕೆ ನಾಲ್ಕು ನಿಮಿಷ. ಅಪ್ಪ ಗಡಿಯಾರ ನೋಡಿದರು, ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಮರದ ಮೈಯ ಮೋಟಾರು ದೋಣಿ, ಹನ್ನೆರಡು ಜನರ ಸೀಟು. ಹತ್ತುವುದೇ ಒಂದು ಕಸರತ್ತು. ಕಟ್ಟೆ ಕಲ್ಲಿನದು, ಅಲ್ಲಾಡುವುದಿಲ್ಲ. ದೋಣಿ ಮಾತ್ರ ದೊಡ್ಡ ದೋಣಿ ಹಾದಾಗಲೆಲ್ಲ ಒಂದು ಮೊಳ ಏರಿ ಒಂದು ಮೊಳ ಇಳಿಯುತ್ತಿತ್ತು. ಅಮ್ಮ ಸೀರೆಯಲ್ಲಿದ್ದಳು. ನಿರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಕಾಲು ಮುಂದಿಟ್ಟಳೋ ಇಲ್ಲವೋ, ದೋಣಿಯವನು ಅಂಗೈ ಅಡ್ಡ ತೋರಿಸಿ ‘ಆಸ್ಪೆತ್ತಿ’ ಅಂದ. ತಾಳಿ ಅಂತ. ಒಂದು ಅಲೆ ಹೋಯಿತು. ಇನ್ನೊಂದು ಹೋಯಿತು. ದೋಣಿ ಏರಿ ಕಟ್ಟೆಯ ಮಟ್ಟಕ್ಕೆ ಬಂದ ಗಳಿಗೆಗೆ ಸರಿಯಾಗಿ ‘ಆದೆಸ್ಸೊ!’ ಅಂದವನೇ ಮೊಣಕೈ ಹಿಡಿದು ಇಳಿಸಿಕೊಂಡ. ಅಮ್ಮನಿಗೆ ಇಟಾಲಿಯನ್ ಬರುವುದಿಲ್ಲ, ಅವನಿಗೆ ಕನ್ನಡ ಬರುವುದಿಲ್ಲ. ಎಲ್ಲರಿಗಿಂತ ಸಲೀಸಾಗಿ ಹತ್ತಿದ್ದು ಅವಳೇ. ಅವಸರ ಮಾಡಿದ ನಾನು ಅಲೆ ಇಳಿಯುವಾಗ ಕಾಲಿಟ್ಟು ಮುಗ್ಗರಿಸಿ ಒಬ್ಬ ಜರ್ಮನ್ ಅಜ್ಜನ ಮಡಿಲಿಗೆ ಬೀಳುವುದರಲ್ಲಿದ್ದೆ.

ಕೂರುವ ಮುಂಚೆ ‘ಮೊದಲು ಯಾವ ಕಡೆ ಹೋಗುತ್ತೀರಿ’ ಅಂತ ಕೇಳಿದೆ. ಎದುರಿನ ತ್ರೆಮೆಟ್ಸೊಗೆ ದಾಟಿ, ದಡ ಹಿಡಿದು ದಕ್ಷಿಣಕ್ಕೆ, ಬರುವಾಗ ಬೆಲ್ಲಾಜಿಯೊ ದಡ ಹಿಡಿದು ವಾಪಸ್. ಹಾಗಿದ್ದರೆ ಹೋಗುವಾಗಲೂ ಬರುವಾಗಲೂ ದಡ ಬಲಕ್ಕೇ. ಮೂವರೂ ಬಲಗಡೆ ಕೂತೆವು. ಎಡಕ್ಕೆ ಕೂತವರು ಇಡೀ ಗಂಟೆ ನಮ್ಮ ತಲೆಗಳನ್ನು ದಾಟಿಸಿ ಫೋಟೋ ಹೊಡೆಯುತ್ತಿದ್ದರು. ಪಾಪ ಅನಿಸಿತು, ಜಾಗ ಬಿಡುವಷ್ಟಲ್ಲ.

ನಡು ಸರೋವರದಲ್ಲಿ ಗಾಳಿ ತಣ್ಣಗೆ ಬಡಿಯಿತು. ದಡದಲ್ಲಿ ಬೆವರಿದ್ದವರೆಲ್ಲ ಇಲ್ಲಿ ಮುದುಡಿಕೊಂಡರು. ಅಮ್ಮ ಚೀಲದಿಂದ ಮಫ್ಲರ್ ತೆಗೆದಳು, ಇನ್ನೊಂದನ್ನು ಕೇಳದೆಯೇ ನನ್ನ ಕೊರಳಿಗೆ ಸುತ್ತಿದಳು. ಅಪ್ಪ ಲೈಫ್ ಜಾಕೆಟ್ ಎಲ್ಲಿದೆ ಅಂತ ವಿಚಾರಿಸಿದರು. ಸೀಟಿನ ಕೆಳಗೆ ಇತ್ತು. ಆಮೇಲೆ ಆಳ ಎಷ್ಟು ಅಂದರು. ಅತಿ ಆಳದ ಕಡೆ 400 ಮೀಟರಿಗಿಂತ ಹೆಚ್ಚು. ನೀರಿನ ಮಟ್ಟ ಸಮುದ್ರದಿಂದ 198 ಮೀಟರ್ ಎತ್ತರದಲ್ಲಿ. ಅಪ್ಪ ಮನಸ್ಸಿನಲ್ಲೇ ಕಳೆದು, ‘ಹಾಗಾದರೆ ತಳ ಸಮುದ್ರಕ್ಕಿಂತ ಇನ್ನೂರು ಮೀಟರ್ ಕೆಳಗೆ ಬಂತು!’ ಅಂದರು. ಹಿಮನದಿ ಕೆತ್ತಿದ ಕಣಿವೆ ಇದು. ಎರಡೂ ಕಡೆಯ ಬೆಟ್ಟ ಎಷ್ಟು ಕಡಿದಾಗಿ ನೀರಿಗೆ ಇಳಿದಿದೆಯೋ ಒಳಗೂ ಅಷ್ಟೇ ಕಡಿದು. ಅಲ್ಲಿಂದ ಮುಂದೆ ಅವರು ಬಂಗಲೆಗಿಂತ ನೀರನ್ನೇ ಹೆಚ್ಚು ನೋಡಿದರು.

ತ್ರೆಮೆಟ್ಸೊದ ವಿಲ್ಲಾ ಕಾರ್ಲೋತ್ತಾ ಮುಂದೆ ದೋಣಿ ನಿಧಾನವಾಯಿತು. ಅಲ್ಲಿನ ಅಜೇಲಿಯಾ ಹೂವಿಗೆ ಏಪ್ರಿಲ್, ಮೇ ಕಾಲ. ನಾವು ಹೋದಾಗ ಮುಗಿಯುತ್ತ ಬಂದಿತ್ತು. ಮುಂದೆ ಲೆನ್ನೊದಾಚೆ ಕಾಡು ತುಂಬಿದ ಒಂದು ಮೂಗು ನೀರಿಗೆ ಚಾಚಿದೆ. ಅದರ ತುದಿಯಲ್ಲೇ ಬಾಲ್ಬಿಯಾನೆಲ್ಲೊ. ಒಂದು ಕಾಲಕ್ಕೆ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠ, ಅದರ ಜೋಡಿ ಗಂಟೆಗೋಪುರ ಇಂದಿಗೂ ಇದೆ. 18ನೇ ಶತಮಾನದ ಕೊನೆಗೆ ಕಾರ್ಡಿನಲ್ ದುರೀನಿ ಬಂಗಲೆ ಮಾಡಿಸಿದ. ಕೊನೆಯ ಒಡೆಯ ಗ್ವೀದೊ ಮೊನ್ಜೀನೊ, 1973ರಲ್ಲಿ ಇಟಲಿಯ ಮೊದಲ ಎವರೆಸ್ಟ್ ದಂಡಯಾತ್ರೆಯ ಮುಂದಾಳು. 1988ರಲ್ಲಿ ಆತ ತೀರಿಕೊಂಡ ಮೇಲೆ ಮನೆ ಪರಂಪರೆ ಕಾಯುವ ಫಾಯಿ ಸಂಸ್ಥೆಗೆ ಸೇರಿತು. ದೋಣಿಯವನು ಎಂಜಿನ್ ಆರಿಸಿದ. ಒಮ್ಮೆಲೇ ಸದ್ದಡಗಿ ಕಲ್ಲಿನ ಮೆಟ್ಟಿಲಿಗೆ ನೀರು ಚಪ್ಪರಿಸುವುದು ಕೇಳಿಸಿತು. ಕೊಡೆಯ ಹಾಗೆ ದುಂಡಗೆ ಕತ್ತರಿಸಿದ ಒಂದು ಓಕ್ ಮರ, ಕಂಬಕ್ಕೆ ಅಂಟಿಕೊಂಡು ಹಬ್ಬಿದ ಬಳ್ಳಿ, ಕಮಾನಿನ ಮಂಟಪದ ನಡುವೆ ಆಚೆಯ ಆಕಾಶ.

ಅವನು ಬಾಂಡ್ ಸಿನಿಮಾದ ಶೂಟಿಂಗ್ ಬಗ್ಗೆ ಹೇಳುತ್ತಿದ್ದ. ನಾನು ಅಮ್ಮನಿಗೆ ಮೆಲ್ಲಗೆ, ‘2018ರ ನವೆಂಬರಿನಲ್ಲಿ ದೀಪಿಕಾ ಮದುವೆ ಆದದ್ದು ಇಲ್ಲೇ’ ಅಂದೆ.

ಅಮ್ಮ ನೆಟ್ಟಗೆ ಕೂತಳು. ‘ಯಾರು, ನಮ್ಮ ಪ್ರಕಾಶ್ ಪಡುಕೋಣೆ ಮಗಳದ್ದಾ? ಈ ಮನೆಯಲ್ಲಾ?’ ಅಲ್ಲಿಯವರೆಗೆ ‘ಚೆನ್ನಾಗಿದೆ, ಚೆನ್ನಾಗಿದೆ’ ಅನ್ನುತ್ತಿದ್ದವಳು ಆಗ ನಿಜವಾಗಿ ನೋಡತೊಡಗಿದಳು. ದಿಬ್ಬಣ ದೋಣಿಯಲ್ಲೇ ಬಂದಿರಬೇಕಲ್ಲ, ಕೊಂಕಣಿ ಶಾಸ್ತ್ರಕ್ಕೆ ಮಂಟಪ ಎಲ್ಲಿ ಹಾಕಿದ್ದರು, ಇಷ್ಟು ಕಡಿದಾದ ಜಾಗದಲ್ಲಿ ಊಟದ ಪಂಕ್ತಿ ಹೇಗೆ ಕೂರಿಸಿದರು, ಬಾಳೆಲೆ ಎಲ್ಲಿಂದ ಬಂತು. ನನ್ನ ಹತ್ತಿರ ಉತ್ತರ ಇರಲಿಲ್ಲ. ದೋಣಿಯವನನ್ನು ಕೇಳು ಅಂದಳು. ಬಾಳೆಲೆಗೆ ಇಟಾಲಿಯನ್‌ನಲ್ಲಿ ಏನನ್ನುತ್ತಾರೋ ನನಗೂ ಹೊಳೆಯಲಿಲ್ಲ.

ಈ ದೋಣಿಯವರು ಬಂಗಲೆಯಲ್ಲಿ ಇಳಿಸುವುದಿಲ್ಲ, ಮುಂದೆ ನಿಲ್ಲಿಸಿ ತೋರಿಸುತ್ತಾರೆ ಅಷ್ಟೇ. ಒಳಗೆ ತೋಟ ನೋಡಬೇಕೆಂದರೆ ಲೆನ್ನೊಗೆ ಬೇರೆಯಾಗಿ ಹೋಗಿ, ಸೋಮವಾರ ಬುಧವಾರದ ರಜೆ ತಪ್ಪಿಸಿ, ಟಿಕೆಟ್ ಮಾಡಿಸಬೇಕು. ಬುಕ್ ಮಾಡುವಾಗ ‘ಇಳಿಯಲಿಕ್ಕುಂಟೋ’ ಎಂಬುದನ್ನು ಸ್ಪಷ್ಟ ಮಾಡಿಕೊಳ್ಳಿ. ನಮ್ಮ ಜೊತೆಗಿದ್ದ ಒಂದು ಜೋಡಿ ಇಳಿಯಲು ಎದ್ದೇ ನಿಂತಿತ್ತು.

ಅಲ್ಲಿಂದ ಕೊಮಾಚಿನಾ, ಈ ಸರೋವರದ ಒಂದೇ ಒಂದು ದ್ವೀಪ. ಮಿಲಾನಿನ ಪಕ್ಷ ಹಿಡಿದದ್ದಕ್ಕೆ 1169ರಲ್ಲಿ ಕೋಮೋದವರು ಬಂದು ಇಡೀ ಊರನ್ನು ಸುಟ್ಟು ನೆಲಸಮ ಮಾಡಿದರು. ಬದುಕಿ ಉಳಿದವರು ಓಡಿಹೋದದ್ದು ಬೆಳಿಗ್ಗೆ ನಾವು ರೈಲಿಳಿದ ಅದೇ ವರೆನ್ನಾಕ್ಕೆ. ಜೂನ್ ಕೊನೆಯ ಸಂತ ಜುವಾನ್ನಿ ಹಬ್ಬಕ್ಕೆ ಇಲ್ಲಿ ಬಸವನಹುಳುವಿನ ಚಿಪ್ಪಿನಲ್ಲಿ ದೀಪ ಹಚ್ಚಿ ನೀರಿಗೆ ಬಿಡುತ್ತಾರಂತೆ. ದೋಣಿಯವನು ಅದನ್ನು ಹೇಳುವಾಗ ಹೆಬ್ಬೆರಳಿನ ಗಾತ್ರ ತೋರಿಸಿದ. ಅಮ್ಮ ತಲೆದೂಗಿದಳು, ಅವನ ಮಾತಿಗೆ ಅವಳು ತಲೆದೂಗಿದ್ದು ಅದೊಂದಕ್ಕೇ.

ಬರುವ ದಾರಿ ಬೇಗ ಮುಗಿಯಿತು. ವಿಲ್ಲಾ ಮೆಲ್ಸಿಯ ಬಿಳಿ ಗೋಡೆ, ಸಾಲು ಮರ, ಹಾದುಹೋದ ದೊಡ್ಡ ದೋಣಿಯ ಅಲೆಗೆ ಎರಡು ಸಲ ಮುಖಕ್ಕೆ ನೀರು. ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಕಟ್ಟೆ. ಮತ್ತೆ ‘ಆಸ್ಪೆತ್ತಿ’. ಈ ಸಲ ಅಮ್ಮ ಅವನಿಗಿಂತ ಮೊದಲೇ ‘ಆದೆಸ್ಸೊ’ ಅಂದು ಹತ್ತಿಬಿಟ್ಟಳು.

ಮಧ್ಯಾಹ್ನ ಪಿತ್ಸೊಕ್ಕೇರಿ ತಿಂದೆವು. ಆಲೂಗಡ್ಡೆ, ಎಲೆಕೋಸು, ಚೀಸ್ ಹಾಕಿದ, ಬಕ್‌ವೀಟ್ ಎಂಬ ಧಾನ್ಯದ ಹಿಟ್ಟಿನ ಪಾಸ್ತಾ. ಸಸ್ಯಾಹಾರಿಗಳಿಗೆ ಈ ಕಡೆ ನಾನು ಧೈರ್ಯವಾಗಿ ಹೇಳಬಹುದಾದ ಊಟ, ಹೊಟ್ಟೆಗೆ ಮಾತ್ರ ಭಾರ. ಸಂಜೆ ವರೆನ್ನಾ ಸ್ಟೇಷನ್ನಿನಲ್ಲಿ ರೈಲು ಹತ್ತಿಪ್ಪತ್ತು ನಿಮಿಷ ತಡವಾಯಿತು. ಅಮ್ಮ ಬೆಂಚಿನ ಮೇಲೆ ಕೂತು ಚಿಕ್ಕಮ್ಮನಿಗೆ ವಿಡಿಯೋ ಕಾಲ್ ಹಚ್ಚಿದಳು. ಅಪ್ಪ ಆಳದ ಲೆಕ್ಕ ಹೇಳಲು ಮುಂದೆ ಬಗ್ಗಿದರು, ಅವಳು ಫೋನ್ ಆ ಕಡೆ ತಿರುಗಿಸಿಕೊಂಡಳು.

‘ಪಡುಕೋಣೆಯವರ ಮನೆ ಮದುವೆಗೆ ಹೋಗಿದ್ವಿ ಕಣೇ. ನಾವು ಹೋಗುವಾಗ ತಡವಾಗಿತ್ತು, ಊಟ ಮುಗಿದುಹೋಗಿತ್ತು.’