ಆಷಾಢದ ಗಾಳಿಗೆ ನಿಂತ ಛತ್ರಿ: ನನ್ನ ಅನುಭವ

ಈ ಸಲದ ಆಷಾಢ ಪೂರ್ತಿ ನಮ್ಮ ಹೋಟೆಲ್ ಅಂಗಳದಲ್ಲಿ ಟೇಬಲ್‌ಗಳಿಗೆ ನೆರಳು ಕೊಡುವ ದೊಡ್ಡ ಛತ್ರಿಗಳೆಲ್ಲ ಗಾಳಿಗೆ ಬೀಳದೆ ನಿಂತವು. ಒಂದೇ ಒಂದು ಕಡ್ಡಿ ಮುರಿಯಲಿಲ್ಲ. ನಮ್ಮದು ಚಿತ್ರದುರ್ಗ–ಹಿರಿಯೂರು ನಡುವೆ ಹೆದ್ದಾರಿ 48ರ ಪಕ್ಕದ ಸಣ್ಣ ಹೋಟೆಲು. ಈ ಕಡೆಯ ಗಾಳಿ ಗೊತ್ತಿರುವವರಿಗೆ ಜಾಸ್ತಿ ಹೇಳಬೇಕಾಗಿಲ್ಲ, ಸುತ್ತಲ ಗುಡ್ಡಗಳ ಮೇಲೆ ಸಾಲಾಗಿ ವಿಂಡ್‌ಮಿಲ್ ನಿಲ್ಲಿಸಿರುವುದು ಸುಮ್ನೆ ಅಲ್ಲ. ಪಕ್ಕದ ಪಂಕ್ಚರ್ ಅಂಗಡಿಯವರು, ನಮ್ಮ ಮಾವ, ಕೊನೆಗೆ ಛತ್ರಿ ಮಾರುವವನು ಕೂಡ ಹೇಳಿದ್ದು ಒಂದೇ ಮಾತು: ಇಲ್ಲಿ ಶೀಟ್ ಹಾಕ್ಸಿ, ಛತ್ರಿ ಬೇಡ. ಶೀಟ್ ಹಾಕಿದರೆ ಮಧ್ಯಾಹ್ನ ಕೆಳಗೆ ಕೂರೋಕಾಗಲ್ಲ, ಅಷ್ಟು ಕಾವು. ಜೊತೆಗೆ ರಸ್ತೆಯಿಂದ ನೋಡಿದರೆ ಗೋಡೌನ್ ತರ ಕಾಣುತ್ತದೆ, ಕಾರಿನವರು ನಿಲ್ಲಿಸುವುದೇ ಇಲ್ಲ. ಛತ್ರಿ ಕಂಡರೆ ನಿಲ್ಲಿಸುತ್ತಾರೆ. ಇದನ್ನು ಗಲ್ಲಾದಲ್ಲಿ ಕೂತು ನೋಡಿದ್ದೇನೆ.

ಮೊದಲ ವರ್ಷ ಬೆಂಗಳೂರಿನಿಂದ ತಂದದ್ದು 9 ಅಡಿ ಅಗಲದವು. ಒಂದಕ್ಕೆ 3,000 ರೂಪಾಯಿ ಆಸುಪಾಸು. ಜೊತೆಗೆ ನೀರು ತುಂಬುವ ಪ್ಲಾಸ್ಟಿಕ್ ಬುಡ, ತುಂಬಿದರೆ 20 ಕೆಜಿ ಬರಬಹುದೇನೋ. ಗಾಳಿ ಶುರುವಾದ ವಾರದಲ್ಲೇ ಒಂದು ಛತ್ರಿ ಟೇಬಲ್ ಸಮೇತ ಉರುಳಿತು. ಬಿಸಿ ಸಾಂಬಾರ್ ಗಿರಾಕಿಯ ಅಂಗಿ ಮೇಲೆ. ಅವರಿಗೆ ಅಂಗಿಯ ದುಡ್ಡು ಕೊಟ್ಟು ಕಳಿಸಿದೆ, ಆದರೂ ಹೆಂಡತಿ ಮಕ್ಕಳ ಜೊತೆ ಬಂದಿದ್ದವರು, ಮತ್ತೆ ಈ ಕಡೆ ತಿರುಗಿ ನೋಡಿರಲಿಕ್ಕಿಲ್ಲ.

ಆಮೇಲೆ ಬುಡಕ್ಕೆ ತೂಕ ಹಾಕುವ ಕೆಲಸ. ಗುಜರಿಯಲ್ಲಿ ಲಾರಿಯ ಸವೆದ ಬ್ರೇಕ್ ಡ್ರಮ್ ಸಿಗುತ್ತವಲ್ಲ, ಒಂದೊಂದು ಸುಮಾರು 40 ಕೆಜಿ, ಕೆಜಿ ಲೆಕ್ಕದಲ್ಲಿ ತಂದು ಎರಡೆರಡು ಪೇರಿಸಿ ನಡುವೆ ಪೈಪ್ ನಿಲ್ಲಿಸಿ ವೆಲ್ಡ್ ಮಾಡಿಸಿದೆ. ಒಳ್ಳೆ ಗಟ್ಟಿ ಬುಡ. ಛತ್ರಿ ಉರುಳುವುದು ನಿಂತಿತು, ಆದರೆ ಈಗ ಕಂಬ ಮುರಿಯೋಕೆ ಶುರುವಾಯಿತು. ಅಂಗಡಿ ಛತ್ರಿಗಳ ಕಂಬ ಎರಡು ತುಂಡಿನದು, ನಡುವೆ ಒಂದು ಜೋಡಣೆ ಇರುತ್ತದೆ. ಸರಿಯಾಗಿ ಅಲ್ಲೇ ಮಡಚಿಕೊಳ್ಳುತ್ತದೆ. ಓರೆ ಮಾಡುವ ಟಿಲ್ಟ್ ಇರುವವಂತೂ ಅದಕ್ಕೂ ಮೊದಲೇ ಟಿಲ್ಟ್ ಹತ್ತಿರ ಹೋಗುತ್ತವೆ. ಗಾಳಿ ಜಾಗಕ್ಕೆ ಟಿಲ್ಟ್ ಇರುವುದನ್ನು ಯಾರೂ ತಗೋಬೇಡಿ, ಫ್ರೀ ಕೊಟ್ಟರೂ ಬೇಡ.

ನಡುವೆ ಸೈಡ್ ಪೋಲ್ ಒಂದನ್ನೂ ನೋಡಿದೆ, ಕಂಬ ಪಕ್ಕದಲ್ಲಿದ್ದು ಛತ್ರಿ ನೇತಾಡುವ ನಮೂನೆ. 18,000 ರೂಪಾಯಿ ಹತ್ತಿರ ಬಿತ್ತು. ನೋಡೋಕೆ ಚಂದವೋ ಚಂದ, ಫೋಟೋ ತೆಗೆಸಿಕೊಳ್ಳೋಕೆ ಜನ ಅದರ ಕೆಳಗೇ ಕೂರುತ್ತಿದ್ದರು. ಗಾಳಿ ಬಂದಾಗ ಇಡೀ ಛತ್ರಿ ಕಂಬದ ಸುತ್ತ ತಿರುಚಿಕೊಳ್ಳುತ್ತದೆ. ಅದರ ತೋಳಿನ ಎರಕದ ಭಾಗ ಬಿರುಕು ಬಿಟ್ಟಿತು. ಆ ಭಾಗ ಒಂದನ್ನೇ ಕೊಡಿ ಅಂದರೆ ಸಿಗಲ್ಲ, ಪೂರ್ತಿ ಹೊಸದು ತಗೊಳ್ಳಿ ಅಂದರು. ಅಲ್ಲಿಗೆ ಅದರ ಕಥೆ ಮುಗಿಯಿತು.

ಆಮೇಲೆ ಹೊಳೆದದ್ದು ಇಷ್ಟು. ಬುಡ ಗಟ್ಟಿ ಮಾಡಿದರೆ ಕಂಬ ಹೋಗುತ್ತದೆ, ಕಂಬ ಗಟ್ಟಿ ಮಾಡಿದರೆ ಕಡ್ಡಿ, ಕಡ್ಡಿ ಗಟ್ಟಿ ಮಾಡಿದರೆ ಬಟ್ಟೆ. ಎಲ್ಲೋ ಒಂದು ಕಡೆ ಸೋಲಲೇಬೇಕು. ಹಾಗಾದರೆ ಸೋಲುವ ಜಾಗವನ್ನು ನಾನೇ ಗೊತ್ತು ಮಾಡಬೇಕು, ಅದು ಐದು ರೂಪಾಯಿ ಒಳಗಿನ ಸಾಮಾನು ಆಗಿರಬೇಕು.

ಬುಡದಿಂದ ಹೇಳುತ್ತೇನೆ. ಒಂದೂವರೆ ಅಡಿ ಚೌಕ, ಎರಡು ಅಡಿ ಆಳದ ಗುಂಡಿ. ಅದರಲ್ಲಿ ಎರಡು ಇಂಚಿನ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ್ದು) ನಿಲ್ಲಿಸಿ ಕಾಂಕ್ರೀಟ್. ಒಂದು ಮೂಟೆ ಸಿಮೆಂಟಿನಲ್ಲಿ ಒಂದು ಗುಂಡಿ ಆಗಿ ಸ್ವಲ್ಪ ಮಿಗುತ್ತದೆ. ಕಾಂಕ್ರೀಟ್ 300 ಕೆಜಿ ಹತ್ತಿರ ತೂಗುತ್ತದೆ, ಮೇಲಾಗಿ ಸುತ್ತಲ ಮಣ್ಣು ಹಿಡಿದಿರುತ್ತದೆ. ನಮ್ಮ ವೆಲ್ಡರ್ ನೋಡಿ, "ಏನ್ ಸ್ವಾಮಿ, ಛತ್ರಿಗೆ ಬೋರ್‌ವೆಲ್ ಹೊಡಿಸ್ದಂಗೆ ಗುಂಡಿ ತೋಡಿಸ್ತಿದ್ದೀರಲ್ಲ" ಅಂದ. ಈಗ ಅವನೇ ಬೇರೆ ಢಾಬಾದವರಿಗೆ ನಮ್ಮ ಅಂಗಳ ತೋರಿಸೋಕೆ ಕರೆದುಕೊಂಡು ಬರುತ್ತಾನೆ. ಪೈಪಿನ ತಳ ಮುಚ್ಚಬೇಡಿ, ಕೆಳಗೆ ಒಂದು ಬಾಂಡ್ಲಿ ಜಲ್ಲಿ ಹಾಕಿ. ಇಲ್ಲಾಂದ್ರೆ ಮಳೆ ನೀರು ಒಳಗೇ ನಿಂತು ಪೈಪ್ ತುಕ್ಕು ಹಿಡಿಯುತ್ತದೆ.

ಕಂಬಕ್ಕೆ, ಛತ್ರಿ ಜೊತೆ ಬರುವ ಕೆಳಗಿನ ತುಂಡನ್ನು ಎಸೆದುಬಿಟ್ಟೆ. ಅದರ ಜಾಗಕ್ಕೆ ಒಂದೂವರೆ ಇಂಚಿನ ಜಿಐ ಪೈಪ್, ಮೀಡಿಯಂ ಗೇಜು, ಅಂದರೆ ಮಧ್ಯಮ ದಪ್ಪದ್ದು. ಇದು ನೆಲದ ಎರಡು ಇಂಚಿನದರೊಳಗೆ ಸಲೀಸಾಗಿ ಇಳಿಯುತ್ತದೆ. ಛತ್ರಿಯ 38 ಮಿಮೀ ಮೇಲಿನ ಕಂಬ ಇದರೊಳಗೆ ಕೂರುತ್ತದೆ. ಕೂರುವ ಭಾಗ ಒಂದು ಅಡಿಗೆ ಕಡಿಮೆ ಇರಬಾರದು. ನೆಲದ ಪೈಪಿನ ಬಾಯಿಯ ಹತ್ತಿರ ಎರಡು ನಟ್ ವೆಲ್ಡ್ ಮಾಡಿಸಿ ಬೋಲ್ಟ್ ಬಿಗಿದರೆ ಅಲ್ಲಾಟ ಇರಲ್ಲ. ಅಲ್ಲಾಟ ಇದ್ದರೆ ರಾತ್ರಿಯೆಲ್ಲ ಟಕಟಕ ಅನ್ನುವುದಲ್ಲದೆ ಕಂಬ ಬೇಗ ಸವೆಯುತ್ತದೆ. ಮೇಲಿನ ಜೋಡಣೆಯಲ್ಲಿ ನಾಲ್ಕು ಮಿಮೀಯಷ್ಟು ಸಂದಿ ಉಳಿಯುತ್ತದೆ, ಅದಕ್ಕೆ ನಾನು ಏನು ಸುತ್ತುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ನಾಲ್ಕು ಜನಕ್ಕೆ ಮಾಡಿಕೊಡುವ ಕೆಲಸ ಈಗ ನನಗೂ ಸ್ವಲ್ಪ ದುಡ್ಡು ತರುತ್ತಿದೆ.

ಇನ್ನು ಛತ್ರಿ ಆರಿಸುವುದು. 9 ಅಡಿ ಬಿಟ್ಟು 7 ಅಡಿಗೆ ಇಳಿದೆ. ಬಟ್ಟೆಯ ಅಳತೆ ನೂರಕ್ಕೆ ನಲವತ್ತರಷ್ಟು ಕಡಿಮೆ ಆಯಿತು, ಗಾಳಿ ಹಿಡಿಯುವುದೂ ಅಷ್ಟೇ ಕಡಿಮೆ. ನಾಲ್ಕು ಜನರ ಟೇಬಲ್‌ಗೆ 7 ಅಡಿ ನೆರಳು ಸಾಕು, ಬಿಸಿಲು ಜರುಗಿದಾಗ ಕುರ್ಚಿ ಜರುಗಿಸಿಕೊಳ್ಳುತ್ತಾರೆ ಅಷ್ಟೇ. ಕಡ್ಡಿ ಫೈಬರ್‌ಗ್ಲಾಸಿನದೇ ಬೇಕು. ಕಬ್ಬಿಣದ ಕಡ್ಡಿ ಒಮ್ಮೆ ಬಾಗಿದರೆ ಬಾಗಿದ್ದೇ, ಅಲ್ಯೂಮಿನಿಯಂ ಕಡ್ಡಿ ರಿವೆಟ್ ತೂತಿನ ಹತ್ತಿರ ಕಟಕ್ಕನೆ ಮುರಿಯುತ್ತದೆ, ಫೈಬರ್‌ಗ್ಲಾಸ್ ಬಾಗಿ ವಾಪಸ್ ಬರುತ್ತದೆ. ಅಂಗಡಿಯಲ್ಲಿ ಛತ್ರಿ ಬಿಚ್ಚಿಸಿ ಒಂದು ಕಡ್ಡಿಯ ತುದಿ ಹಿಡಿದು ಒಂದು ಗೇಣು ಕೆಳಗೆ ಎಳೆದು ಬಿಡಿ. ಮಾರುವವನ ಮುಖ ಬಾಡಿದರೆ ಬೇರೆ ಅಂಗಡಿಗೆ ಹೋಗಿ. ಆಮೇಲೆ ಕಡ್ಡಿಗಳು ಸೇರುವ ನಡುವಿನ ಬಟ್ಟಲು ನೋಡಿ. ಪ್ಲಾಸ್ಟಿಕ್ ಆದರೆ ಎರಡು ಬೇಸಿಗೆ ಬಿಸಿಲಿಗೆ ಪುಡಿಪುಡಿಯಾಗುತ್ತದೆ. ನೆತ್ತಿಯ ಮೇಲೆ ಗಾಳಿ ಹೋಗುವ ಎರಡನೇ ಟೊಪ್ಪಿ ಇರುತ್ತದಲ್ಲ, ಕೆಲವರು ಅದನ್ನು ನೋಡೋಕೆ ಅಂತ ಹಾಕಿ ಸುತ್ತ ಹೊಲಿದುಬಿಟ್ಟಿರುತ್ತಾರೆ. ಕೈ ತೂರಿಸಿ ನೋಡಿ, ಅಂಗೈ ಆರಾಮಾಗಿ ಹೋಗಬೇಕು. ಅಂಚಿನ ಝಾಲರಿಯನ್ನು ನಾನು ಟೈಲರ್ ಹತ್ತಿರ ಬಿಚ್ಚಿಸಿದೆ. ಪಟಪಟ ಹೊಡೆದುಕೊಂಡು ಹೊಲಿಗೆ ಬಿಚ್ಚುವುದೇ ಅದರಿಂದ.

ಸೋಲುವ ಜಾಗ ಅಂದೆನಲ್ಲ. ಬಟ್ಟೆಯ ಮೂಲೆಗಳಲ್ಲಿ ಕಡ್ಡಿ ಸಿಗಿಸುವ ಜೇಬು ತೆಗೆಸಿ, ಅಲ್ಲಿ ತೂತು ಮಾಡಿಸಿ ಹಿತ್ತಾಳೆ ಬಳೆ ಹೊಡೆಸಿ, ಕಡ್ಡಿಯ ತುದಿಗೆ ದಾರದಿಂದ ಕಟ್ಟಿದೆ. ಜೋರು ಗಾಳಿ ಬಂದರೆ ಆ ಕಡೆಯ ಒಂದೆರಡು ದಾರ ಹರಿಯುತ್ತವೆ, ಬಟ್ಟೆ ಮೇಲೆದ್ದು ಗಾಳಿ ಹೊರಗೆ ಹೋಗುತ್ತದೆ, ಕಡ್ಡಿ ಕಂಬ ಎರಡೂ ಉಳಿಯುತ್ತವೆ. ಹುಡುಗ ಸ್ಟೂಲ್ ಹತ್ತಿ ಎರಡು ನಿಮಿಷದಲ್ಲಿ ಮತ್ತೆ ಕಟ್ಟುತ್ತಾನೆ. ದಾರ ಎಷ್ಟು ದಪ್ಪ ಅನ್ನುವುದರಲ್ಲೇ ಎಲ್ಲ ಇರುವುದು. ತೆಳುವಾದರೆ ಸುಮ್ಮನೆ ಬೀಸಿದರೂ ಹರಿಯುತ್ತದೆ, ದಪ್ಪವಾದರೆ ಕಟ್ಟಿದ್ದಕ್ಕೆ ಅರ್ಥವಿಲ್ಲ. ನಿಮ್ಮ ಜಾಗದ ಗಾಳಿ ನೋಡಿ ನೀವೇ ಕಂಡುಕೊಳ್ಳಿ, ನನ್ನ ಅಳತೆ ನನ್ನ ಹತ್ತಿರವೇ ಇರಲಿ.

ಗಾಳಿ ತಡೆಯೋಣ ಅಂತ ಪಡುವಣ ಕಡೆ ತಗಡು ನಿಲ್ಲಿಸಿಯೂ ನೋಡಿದ್ದೆ. ಗಾಳಿ ತಗಡಿನ ಮೇಲಿಂದ ದಾಟಿ ಈಚೆ ಕಡೆ ಸುಳಿ ಸುತ್ತಿ, ಛತ್ರಿಯನ್ನು ಕೆಳಗಿನಿಂದ ಎತ್ತುತ್ತಿತ್ತು. ಅದನ್ನು ಕಿತ್ತು 50 ಪರ್ಸೆಂಟಿನ, ಅಂದರೆ ಅರ್ಧ ಬಿಸಿಲು ತಡೆಯುವ ಶೇಡ್ ನೆಟ್ ಕಟ್ಟಿದೆ. ಒಂದಷ್ಟು ಗಾಳಿ ನೆಟ್ ಒಳಗಿಂದಲೇ ಬರುವುದರಿಂದ ಸುಳಿ ಇಲ್ಲ. ವಾರಕ್ಕೊಮ್ಮೆ ನೀರು ಹೊಡೆದು ತೊಳೆಯಬೇಕು, ಲಾರಿಗಳ ಹೊಗೆ, ಧೂಳು ಎಲ್ಲ ಅದರಲ್ಲೇ ಕೂರುತ್ತದೆ. ನೆಟ್ ಪಕ್ಕ ಹೊಂಗೆ ಸಸಿ ನೆಟ್ಟಿದ್ದೇನೆ, ಮೊಣಕಾಲೆತ್ತರ ಬಂದಿವೆ.

ಖರ್ಚು ನೆನಪಿನಿಂದ ಹೇಳುವುದಾದರೆ, ಛತ್ರಿ 6,500, ಪೈಪು, ಸಿಮೆಂಟು, ವೆಲ್ಡಿಂಗ್, ಕೂಲಿ ಸೇರಿ ಇನ್ನೊಂದು 3,000, ಟೈಲರ್‌ಗೆ 300–400. ಒಂದಕ್ಕೆ ಹತ್ತು ಸಾವಿರ ಅಂತ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಮುರಿದು ಗುಜರಿಗೆ ಹೋದವುಗಳ ದುಡ್ಡು ಸೇರಿಸಿದರೆ ಒಳ್ಳೆ ಫ್ರಿಜ್ ಬರುತ್ತಿತ್ತು.

ಇದೆಲ್ಲ ಆಷಾಢದ ಗಾಳಿಗೆ. ಅದು ಒಂದೇ ದಿಕ್ಕಿನಿಂದ, ಒಂದೇ ಸಮನೆ ಬೀಸುತ್ತದೆ. ಭರಣಿ, ಕೃತ್ತಿಕಾ ಮಳೆಯ ಬಿರುಗಾಳಿ ಬೇರೆ, ಎಲ್ಲಿಂದ ಬರುತ್ತದೋ ಗೊತ್ತಾಗಲ್ಲ. ಅದಕ್ಕೆ ಯಾವ ಛತ್ರಿಯೂ ನಿಲ್ಲಲ್ಲ. ಏಪ್ರಿಲ್, ಮೇನಲ್ಲಿ ಸಂಜೆ ಮೋಡ ಕಪ್ಪಾದ ಕೂಡಲೇ ಮಡಚಿ ಹಗ್ಗ ಸುತ್ತಿಬಿಡಬೇಕು, ಗಿರಾಕಿ ಊಟ ಮಾಡುತ್ತಿದ್ದರೂ ಸರಿ, ಒಳಗೆ ಕೂರಿಸಿ. ಅದಕ್ಕೇ ಹ್ಯಾಂಡಲ್ ತಿರುಗಿಸುವ ಛತ್ರಿ ಬಿಟ್ಟು ಪಿನ್ ಎಳೆದರೆ ಇಳಿಯುವುದನ್ನು ತಗೊಂಡಿದ್ದು.

ಮುಂದಿನ ವರ್ಷ ಬೇವಿನ ಮರದ ಮರೆಯಲ್ಲಿ 8 ಅಡಿಯದ್ದೊಂದು ಹಾಕಿ ನೋಡುವ ಆಸೆ ಇದೆ. ಗುಂಡಿ ಆಗಲೇ ತೋಡಿಸಿದ್ದೇನೆ, ಇದು ಎರಡೂವರೆ ಅಡಿ ಆಳ.